ಅಣ್ಣ ಹಾಕಿದ ಶಿಳ್ಳೆ

ಮಗಳೇ ಗುಲಿಝಾರ್,

ಬರುವ ಶುಕ್ರವಾರಕ್ಕೆ ನಿಮ್ಮಪ್ಪ ತೀರಿಕೊಂಡು ನಲವತ್ತು ದಿನ. ಅವನ ಹೆಸರಲ್ಲಿ ಹಂಚುವ ಹಲ್ವಾಕ್ಕೆ ಹಿಟ್ಟು, ಬೆಣ್ಣೆ ತಂದಿಟ್ಟಿದ್ದೇನೆ; ಸಕ್ಕರೆ ನೀನು ತಾ.

"ಅಪ್ಪ ಯಾರನ್ನೂ ಕರೀದೆ ಹೋಗ್ಬಿಟ್ಟ" ಎಂದು ಅಳುತ್ತಿದ್ದೆಯಲ್ಲ, ಕರೆದಿದ್ದ. ಕಣಿವೆಯ ಆಚೆ ಬದಿಯಿಂದ, ನಮ್ಮ ಶಿಳ್ಳೆ ಮಾತಿನಲ್ಲೇ, "ಎದೆ ನೋಯ್ತಿದೆ ಕಣೋ, ಬೇಗ ಬಾ" ಅಂದ. ಶಿಳ್ಳೆ ಮಾತು ನನ್ನಷ್ಟು ಬಲ್ಲವನು ಈ ಬೆಟ್ಟಗಳಲ್ಲೇ ಇಲ್ಲ. ಒಂದಕ್ಷರವೂ ತಪ್ಪದೆ ತಿಳಿಯಿತು. ಆದರೆ ಹಿಂದಿನ ವಾರವಷ್ಟೇ ನಾನು "ಜೋಳದ ಹೊಲಕ್ಕೆ ಕರಡಿ ನುಗ್ಗಿದೆ" ಎಂದು ಸುಳ್ಳು ಶಿಳ್ಳೆ ಹಾಕಿ, ಅವನನ್ನು ಬರಿಗಾಲಲ್ಲಿ ಓಡಿಸಿದ್ದೆ. ಇದು ಅದರ ಸೇಡು ಅಂದುಕೊಂಡೆ. "ನನ್ನ ಹತ್ರಾನೇ ನಾಟಕಾನಾ ಅಣ್ಣಾ? ಟೀ ಕುಡಿದು ಬರ್ತೀನಿ, ಅಲ್ಲೀವರೆಗೂ ಸಾಯ್ಬೇಡ!" ಎಂದು ತಿರುಗಿ ಶಿಳ್ಳೆ ಹಾಕಿದೆ. ಎರಡು ಲೋಟ ಕುಡಿದೆ.

ಆಮೇಲೆ ಸಾವಿನ ಸುದ್ದಿಯನ್ನು ಸಾರಿದವನೂ ನಾನೇ. ಮೂರು ಊರಿಗೆ ಕೇಳಿಸಿತಂತೆ. ನನ್ನ ಶಿಳ್ಳೆಯಲ್ಲವೇ.

ಶುಕ್ರವಾರ ಸೇತುವೆ ಹತ್ತಿರ ಬಸ್ಸಿಳಿದಾಗ ಎಂದಿನಂತೆ ಶಿಳ್ಳೆ ಹಾಕಬೇಡ, ಫೋನ್ ಮಾಡು. ಈಗ ಯಾರ ಶಿಳ್ಳೆ ಕೇಳಿದರೂ ಎದ್ದು ಓಡಿಬಿಡುತ್ತೇನೆ. ಮೊಣಕಾಲು ಊದಿದೆ.

ನಿನ್ನ ಚಿಕ್ಕಪ್ಪ,
ಸತಿಲ್ಮಿಶ್