ನಸುಕಿನ ಗಾಡಿ

ಇಂಡಿ. ನವೆಂಬರ್ 5, ಬುಧವಾರ

ಪ್ರೆಸ್ಸಿನಿಂದ ಬಂದೆ. ಅಂಗಳದಲ್ಲಿ ತಳ್ಳುಗಾಡಿ. ಹಸಿ ಕಸಕ್ಕೆ ಹಸಿರು ಡಬ್ಬಿ, ಒಣ ಕಸಕ್ಕೆ ನೀಲಿ. ಮಗಳು ದಾನೇಶ್ವರಿಯ ಕೈಯೆಲ್ಲ ಪೇಂಟು. ಅವಳ ಕಾಲೇಜಿನ ಗೆಳೆಯ ತಬ್ರೇಜ ಚಕ್ರಕ್ಕೆ ಎಣ್ಣೆ ಬಿಡುತ್ತಿದ್ದ. ಓಣಿಯ ಕಸ ಇನ್ನು ಇವರೇ ಎತ್ತುತ್ತಾರಂತೆ. ವಿಂಗಡಿಸಲು ಪುರಸಭೆ ಒಂದು ಹಳೇ ಶೆಡ್ ಕೊಟ್ಟಿದೆ — ತಿಂಗಳ ಕೊನೆಗೆ ಬಂದು ನೋಡುತ್ತಾರೆ, ಕೆಲಸ ನಡೆಯದಿದ್ದರೆ ವಾಪಸ್. ಕಾಲೇಜು ಮುಗಿದ ಮೇಲೆ ಬಿಡುವು. ಹಾಗಾಗಿ ಸಂಜೆಗೆ ಗಾಡಿ.

ನವೆಂಬರ್ 6, ಸಂಜೆ ಏಳು

ಖಾಲಿ ಬಂತು. ಸೀಟಿ ಊದಿದರೂ ಬಾಗಿಲು ತೆರೆಯಲಿಲ್ಲ. ಎದುರು ಮನೆಯ ಮುದುಕಿ ಗುರವ್ವ ಮಾತ್ರ ಹೊರಬಂದಳು.

"ದೀಪ ಹಚ್ಚಿದ ಮ್ಯಾಲೆ ಮನಿ ಕಸ ಹೊರಗ ಕೊಡ್ತಾರೇನ? ಲಕ್ಷ್ಮಿ ಹೊಂಟ ಹೋಗ್ತಾಳ. ನಿಮ್ಮವ್ವಾದ್ರೂ ಕೊಟ್ಟಾಳೇನ, ಕೇಳು."

ಕೇಳಬೇಕಿರಲಿಲ್ಲ. ನನ್ನ ಹೆಂಡತಿಯೂ ಬಕೆಟ್ಟನ್ನು ಬಾಗಿಲ ಹಿಂದೆ ಮುಚ್ಚಿಟ್ಟಿದ್ದಳು.

"ನಮ್ಮ ಅಮ್ಮೀನೂ ಕೊಡಂಗಿಲ್ಲ," ಎಂದ ತಬ್ರೇಜ. "ನಮ್ಮ ಮನೀದ ನಮಗ ಗೊತ್ತಿಲ್ಲ, ಓಣಿ ಸುಧಾರ್ಸಾಕ ಹೊಂಟೇವಿ."

ಮಗಳು ನಗಲಿಲ್ಲ. ವಾದಕ್ಕಿಳಿಯುತ್ತಾಳೆ ಅಂದುಕೊಂಡೆ. ಅವಳ ವಯಸ್ಸಿನಲ್ಲಿ ನಾನಾಗಿದ್ದರೆ ವಾದ ಗೆದ್ದು, ಮನೆಗೆ ಬಂದು ಮಲಗುತ್ತಿದ್ದೆ.

"ಹಂಗಾದ್ರ ಯಾವಾಗ ಕೊಡ್ತೀ ಆಯಿ?"

"ನಸುಕಿನ್ಯಾಗ. ಅಂಗಳ ಕಸ ಹೊಡದು ನೀರ ಹಾಕೂ ಹೊತ್ತಿಗೆ. ನೀ ಏಳ್ತೀಯೇನ?"

ನವೆಂಬರ್ 7

ಎದ್ದಳು. ಬೆಳಕು ಹರಿದಿರಲಿಲ್ಲ. ಬಾಗಿಲಿಂದ ಬಾಗಿಲಿಗೆ ಪೊರಕೆಯ ಸದ್ದು, ಅದರ ಹಿಂದೆಯೇ ಗಾಡಿ. ಎಲ್ಲರೂ ತಂದರು, ಎಲ್ಲ ಕೂಡಿಸಿಯೇ ತಂದರು. ಅವರ ಎದುರಿಗೇ ಕೂತು ಬೇರೆ ಮಾಡಿದಳು. ಹಸಿಯದು ಹಸಿರು ಡಬ್ಬಿಗೆ, ಒಣದು ನೀಲಿಗೆ.

ನವೆಂಬರ್ 21

ಗುರವ್ವ ಪಕ್ಕದ ಮನೆಯ ಸಂಗುವಿಗೆ ಬೈಯುತ್ತಿದ್ದಳು. "ಹಾಲಿನ ಪಾಕೀಟು ಬದನಿಕಾಯಿ ತೊಟ್ಟಿನ ಜೋಡಿ ಯಾಕ ಹಾಕೀದಿ? ಆ ಹುಡುಗಿ ಕೈಲೆ ತಗೀಬೇಕೇನ? ತಗಿ, ನೀನಽ ತಗಿ."

ತೆಗೆದ. ಕಿಟಕಿಯಲ್ಲಿ ನಿಂತು ನೋಡಿದೆ. ಚಹಾ ಆರಿತ್ತು.

ನವೆಂಬರ್ 28, ಶುಕ್ರವಾರ

ಪುರಸಭೆಯವರು ಬಂದರು. ಶೆಡ್ ಇವರಿಗೇ ಉಳಿಯಿತು.

"ಯಾರ ಮಗಳ್ರಿ ಈಕಿ?" ಅಧಿಕಾರಿ ಕೇಳಿದರು. ಗುಂಪಿನ ಹಿಂದೆ ನಾನು ಬಾಯಿ ತೆರೆಯುವಷ್ಟರಲ್ಲಿ ಗುರವ್ವ ಹೇಳಿಬಿಟ್ಟಳು: "ನಮ್ಮ ಓಣಿ ಮಗಳ್ರಿ."

ಸರಿಯಾಗೇ ಹೇಳಿದಳು. ಹೆಮ್ಮೆ ಎಂಬ ಶಬ್ದ ಬರೆಯಲು ನನಗೆ ಸಂಕೋಚ. ಬರೆದಿದ್ದೇನೆ.

ನವೆಂಬರ್ 30, ಬೆಳಿಗ್ಗೆ

ಸಿಂದಗಿಯಿಂದ ಮೊದಲ ಬಸ್ಸಿಗೆ ಇಬ್ಬರು ಹುಡುಗಿಯರು ಬಂದಿದ್ದಾರೆ. ತಮ್ಮ ಓಣಿಯಲ್ಲೂ ಗಾಡಿ ತೆಗೆಯುತ್ತಾರಂತೆ. ಮಗಳು ಶೆಡ್ಡಿನಲ್ಲಿ. ಕೂತುಕೊಳ್ಳಿರಿ, ಬರ್ತಾಳೆ ಎಂದೆ. ಕೂರಲಿಲ್ಲ. "ನಿಮಗೂ ಗೊತ್ತಿರತೈತಲ್ರಿ ಕಾಕಾ, ನೀವಽ ಹೇಳ್ರಿ" ಅನ್ನುತ್ತಿದ್ದಾರೆ.

ಗೊತ್ತಿದೆ. ಚಪ್ಪಲಿ ಹಾಕಿಕೊಳ್ಳುತ್ತೇನೆ, ಶೆಡ್ಡಿನವರೆಗೆ ಇವರನ್ನು ನಾನೇ —