ಅಂಟಿನ ಗೆರೆ

ಮನೆಯಿಂದ
ನವೆಂಬರ್ ೧೭, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನೀನು ಮೂರು ಪತ್ರ ಬರೆದೆ. ನಾನು ಒಂದಕ್ಕೂ ಉತ್ತರ ಬರೆಯಲಿಲ್ಲ. ಕೆಲಸ ಜಾಸ್ತಿ ಇತ್ತು ಎನ್ನಬಹುದು, ಆದರೆ ಇರಲಿಲ್ಲ. ನಾಲ್ಕು ಸಲ ಬರೆಯಲು ಕುಳಿತೆ. ನಾಲ್ಕು ಸಲವೂ ‘ನೀನು ಕ್ಷೇಮವಾಗಿದ್ದೀಯ ಎಂದು ನಂಬಿದ್ದೇನೆ’ ಎನ್ನುವಲ್ಲಿಗೆ ಬಂದು ಎದ್ದುಹೋದೆ. ಒಂದು ಕಡೆ ಕೂರುವ ಜಾತಿ ನನ್ನದಲ್ಲ ಎಂದು ನಿನಗೆ ಗೊತ್ತೇ ಇದೆ. ಕ್ಷಮಿಸು.

ಪಾಪು ಹೇಗಿದೆ? ಭಾವ ಕಳಿಸಿದ ಫೋಟೋದಲ್ಲಿ ಹಣೆ ಸುಕ್ಕು ಮಾಡಿಕೊಂಡು, ಯಾರದೋ ಮೇಲೆ ದೂರು ಕೊಡಲು ಬಂದವಳ ಹಾಗೆ ಕಾಣುತ್ತಾಳೆ. ಅಮ್ಮ ಅದನ್ನು ನೋಡಿ, "ನಿನ್ನದೇ ಮುಖ, ಹುಟ್ಟುತ್ತಲೇ ತಕರಾರು" ಎಂದಳು. ಅಪ್ಪ ಹೋದ ಮೇಲೆ ಅಮ್ಮ ನಕ್ಕದ್ದು ಆವತ್ತೊಂದೇ ದಿನ.

ಅಪ್ಪ ಹೋದಾಗ ಬರಲಾಗಲಿಲ್ಲ ಎಂದು ಪ್ರತಿ ಪತ್ರದಲ್ಲೂ ಬರೆದಿದ್ದೀಯ. ಇನ್ನು ಬರೆಯಬೇಡ. ಆಗ ಹೆರಿಗೆಯಾಗಿ ಒಂಬತ್ತು ದಿನ, ಹೊಟ್ಟೆಯ ಹೊಲಿಗೆ ಇನ್ನೂ ಹಸಿ, ಎರಡು ದಿನದ ಪ್ರಯಾಣ. ಹಾಗೆ ನೀನು ಬಂದಿದ್ದರೆ ಅಪ್ಪನೇ ಎದ್ದು ಕುಳಿತು ಬೈಯುತ್ತಿದ್ದರು.

ಅಪ್ಪನ ಹೆಸರಿನ ಗಿಡ ಏನಾಯಿತು, ಭಾವ ಯಾವ ಪತ್ರಿಕೆಯಲ್ಲಿ ಹುಡುಕಿದರೂ ಸಿಗಲಿಲ್ಲವಲ್ಲ ಎಂದು ಕೇಳಿದ್ದೀಯ. ಸಿಗುವುದಿಲ್ಲ. ಅದು ಅಚ್ಚಾಗಲಿಲ್ಲ, ಇನ್ನು ಆಗುವುದೂ ಇಲ್ಲ. ತಪ್ಪಿಸಿದವಳು ನಾನು. ಬೇರೆಯವರ ಬಾಯಲ್ಲಿ ಅರ್ಧಂಬರ್ಧ ಕೇಳುವ ಬದಲು ನನ್ನಿಂದಲೇ ಪೂರ್ತಿ ತಿಳಿದುಕೋ.

ಎಂಟು ವರ್ಷದ ಹಿಂದೆ ಮೇಡಂ ಮೊದಲ ಸಲ ಅಪ್ಪ ಕೆಲಸ ಮಾಡುತ್ತಿದ್ದ ಕಲ್ಲುಗಣಿಗೆ ಬಂದಾಗ ನೀನು ಇಲ್ಲೇ ಇದ್ದೆ. ದೊಡ್ಡ ಟೋಪಿ ಹಾಕಿಕೊಂಡು, ಒಡೆದ ಚಪ್ಪಡಿಗಳ ಗುಡ್ಡೆಯಲ್ಲಿ ಮಂಡಿಯೂರಿ ಕಲ್ಲಾಗಿ ಉಳಿದ ಎಲೆಯ ಗುರುತು ಹುಡುಕುತ್ತಿದ್ದರು. ಗಣಿಯವರೆಲ್ಲ ಅವರನ್ನು ಎಲೆ ಮೇಡಂ ಎಂದು ಕರೆದು ಹಿಂದೆ ನಗುತ್ತಿದ್ದರು. ಅಪ್ಪ ಮಾತ್ರ ನಗಲಿಲ್ಲ. ಚಪ್ಪಡಿ ಸೀಳುವಾಗ ಎಲೆ ಕಂಡರೆ ತೆಗೆದು ನೆರಳಲ್ಲಿಡುತ್ತಿದ್ದರು. "ಅಂಗಳಕ್ಕೆ ಹಾಸೋರಿಗೆ ಇದು ಕಲೆ, ಆಯಮ್ಮನಿಗೆ ಅದೇ ಬೇಕು. ತಗೊಂಡು ಹೋಗಲಿ ಬಿಡು" ಎನ್ನುತ್ತಿದ್ದರು.

ಆರು ವರ್ಷದ ಹಿಂದೆ ಕೊಟ್ಟ ಒಂದು ಕಲ್ಲು ಮೇಡಂ ಅವರ ನಿದ್ದೆ ಕೆಡಿಸಿತು. ಅದರಲ್ಲಿ ಉದ್ದನೆಯ ಎಲೆಗಳ ಒಂದು ರೆಂಬೆ, ರೆಂಬೆಯ ಬುಡದಲ್ಲಿ ಗಿಡ್ಡ ತೊಟ್ಟು, ತೊಟ್ಟಿನ ತುದಿಯಲ್ಲಿ ಉಗುರಿನಷ್ಟು ದೊಡ್ಡ ಬೀಜ. ಇದರಲ್ಲೇನು ದೊಡ್ಡ ವಿಷಯ ಎಂದು ನಾನೂ ಕೇಳಿದ್ದೆ. ಕೋಟ್ಯಂತರ ವರ್ಷದ ಹಿಂದಿನ ಗಿಡ ಇಡಿಯಾಗಿ ಸಿಗುವುದಿಲ್ಲವಂತೆ. ಎಲೆ ಒಂದು ಕಲ್ಲಿನಲ್ಲಿ, ಬೀಜ ಇನ್ನೊಂದರಲ್ಲಿ, ಕಾಂಡ ಮತ್ತೆಲ್ಲೋ. ಯಾವ ಎಲೆ ಯಾವ ಬೀಜದ್ದು ಎಂದು ಹೇಳುವವರಿಲ್ಲದೆ ಒಂದೊಂದಕ್ಕೂ ಒಂದೊಂದು ಹೆಸರಿಟ್ಟು ಕೂತಿರುತ್ತಾರೆ. ಎರಡೂ ಕೂಡಿಕೊಂಡೇ ಸಿಕ್ಕರೆ ಒಂದು ಇಡೀ ಗಿಡ ಎದ್ದು ನಿಂತ ಹಾಗೆ. ಅಪ್ಪನ ಕಲ್ಲಿನಲ್ಲಿ ಎರಡೂ ಕೂಡಿಕೊಂಡಿದ್ದವು. ಹೊಸ ಗಿಡ ಎಂದು ಮೇಡಂ ಬರೆದರು. ಹೆಸರು ಅಪ್ಪನದು, ಬಾಲದಲ್ಲಿ ಅವರ ಶಾಸ್ತ್ರದ ಎರಡಕ್ಷರ.

ಅಪ್ಪ ಅದನ್ನು ಕೇಳಿದ ದಿನ ಒಬ್ಬರೇ ಹಿತ್ತಲಿಗೆ ಹೋಗಿ ಸುಮಾರು ಹೊತ್ತು ನಿಂತಿದ್ದರು. ಆಮೇಲೆ ಬಂದು ಅಮ್ಮನಿಗೆ, "ನನ್ನ ಹೆಸರನ್ನ ಸರಿಯಾಗಿ ಬರೀತಾರಾ, ಆ ಮತದಾರರ ಪಟ್ಟಿಯೋರ ಥರ ಮಾಡ್ತಾರಾ?" ಎಂದು ಕೇಳಿದರು.

ನಾನು ಮೇಡಂ ಹತ್ತಿರ ಸೇರಿ ಎರಡು ವರ್ಷವಾಯಿತು. ಒಂಬತ್ತನೇ ತರಗತಿ ಬಿಟ್ಟ ಮೇಲೆ ಹೊಲಿಗೆ ಅಂಗಡಿ, ಬೇಕರಿ, ಮೊಬೈಲ್ ರಿಪೇರಿ ಎಂದು ಸುತ್ತಿ ಎಲ್ಲೂ ಆರು ತಿಂಗಳು ನಿಲ್ಲಲಿಲ್ಲ. ಇಲ್ಲಿ ನಿಂತೆ. ಅವರ ಸಂಸ್ಥೆಯ ನೆಲಮಾಳಿಗೆಯಲ್ಲಿ ಉದ್ದನೆಯ ಕೋಣೆ, ಗೋಡೆಯುದ್ದಕ್ಕೂ ಕಬ್ಬಿಣದ ಡ್ರಾಯರುಗಳು, ಒಂದೇ ಕಿಟಕಿ, ಅದರಲ್ಲಿ ಓಡಾಡುವವರ ಕಾಲು ಮಾತ್ರ ಕಾಣುತ್ತದೆ. ನನ್ನ ಕೆಲಸ ಕಲ್ಲಿನಿಂದ ಎಲೆಯನ್ನು ಬಿಡಿಸುವುದು. ಮೈಕ್ರೋಸ್ಕೋಪಿನಡಿ ಕಲ್ಲಿಟ್ಟು, ಗಾಳಿಯಿಂದ ನಡುಗುವ ಸೂಜಿ ಹಿಡಿದು ಕೂದಲೆಳೆಯಷ್ಟು ಕಲ್ಲನ್ನು ಕೆರೆದು ತೆಗೆಯಬೇಕು. ಬೆಳಗಿನಿಂದ ಸಂಜೆಯವರೆಗೆ ಕೆರೆದರೆ ಒಂದು ಬೆರಳುಗುರುತಿನಷ್ಟು ಎಲೆ ಕಾಣುತ್ತದೆ. ನಿನ್ನ ತಂಗಿ ಅಲ್ಲಿ ಎಂಟು ಗಂಟೆ ಕೂರುತ್ತಾಳೆ ಎಂದರೆ ನನ್ನ ಹಳೆಯ ಮೇಷ್ಟ್ರು ಯಾರೂ ನಂಬುವುದಿಲ್ಲ.

ಅಪ್ಪನ ಕಲ್ಲನ್ನು ಮಾತ್ರ ಯಾರೂ ಕೆರೆಯುವಂತಿರಲಿಲ್ಲ. "ತೊಟ್ಟು ಸೇರೋ ಜಾಗ ಮುಟ್ಟಬೇಡ, ಉದುರಿಹೋದರೆ ಎಲ್ಲ ಹೋಯ್ತು" ಎನ್ನುತ್ತಿದ್ದರು ಮೇಡಂ. ಆರು ವರ್ಷ ಅವರೂ ಮುಟ್ಟಲಿಲ್ಲ.

ಆಗಸ್ಟಿನಲ್ಲಿ ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದೆವು. ಎದೆಯೊಳಗೆ ಮೂವತ್ತು ವರ್ಷದ ಕಲ್ಲಿನ ದೂಳು ಕೂತಿದೆ, ಅದನ್ನು ತೆಗೆಯುವ ಔಷಧಿ ಇಲ್ಲ ಎಂದು ಡಾಕ್ಟರು ನೇರವಾಗಿ ಹೇಳಿದರು. ಮೂಗಿಗೆ ಆಮ್ಲಜನಕದ ಕೊಳವೆ ಹಾಕಿದ್ದರು. ಆಗಲೂ ಅಪ್ಪ ನಾನು ಬಾಗಿಲಲ್ಲಿ ಕಂಡ ಕೂಡಲೇ ಕೇಳುತ್ತಿದ್ದ ಮಾತು ಒಂದೇ: "ಬಂತಾ?" ಪಕ್ಕದ ಮಂಚದ ಮುದುಕರು ಒಂದು ದಿನ, "ಯಾರು ಬರಬೇಕಪ್ಪಾ ನಿಂಗೆ?" ಎಂದರು. ಅಪ್ಪ, "ನನ್ನ ಹೆಸರು" ಎಂದರು. ಮುದುಕರು ನನ್ನ ಕಡೆ ನೋಡಿ ತಲೆಗೆ ಬೆರಳು ತಿರುಗಿಸಿ ತೋರಿಸಿದರು.

ಬರುವುದರಲ್ಲೇ ಇತ್ತು. ವಿಜ್ಞಾನ ಪತ್ರಿಕೆಯವರು ಮೇಡಂ ಅವರ ಲೇಖನ ಒಪ್ಪಿದ್ದರು, ಪ್ರೂಫ್ ಹಾಳೆಯೂ ಬಂದಿತ್ತು. ತೊಟ್ಟು ಸೇರುವ ಜಾಗದ್ದೊಂದು ಹತ್ತಿರದ ಫೋಟೋ ಬೇಕು, ಅಷ್ಟೇ ಬಾಕಿ ಎಂದು ಬರೆದಿದ್ದರು. ಮೇಡಂ ಮೊದಲ ಸಲ ಆ ಕಲ್ಲನ್ನು ನನ್ನ ಮೇಜಿನ ಮೇಲಿಟ್ಟರು. "ಮೇಲಿನ ದೂಳು ಮಾತ್ರ ತೆಗಿ, ನಿನ್ನ ಕೈ ಹಗುರ" ಎಂದರು.

ಕಲ್ಲಿನ ಮೇಲೆ ಸೂಜಿ ಕಿರ್ ಎನ್ನುತ್ತಿರುತ್ತದೆ. ದಿನವಿಡೀ ಕೇಳಿ ಕೇಳಿ ಅದು ಕಿವಿಗೆ ಗೊತ್ತೇ ಆಗುವುದಿಲ್ಲ. ತೊಟ್ಟಿನ ಪಕ್ಕಕ್ಕೆ ಬಂದಾಗ ಆ ಸದ್ದು ನಿಂತಿತು. ಸೂಜಿ ಮೆತ್ತಗೆ ಜಾರಿತು. ಬಗ್ಗಿ ಮೂಸಿದೆ. ಅಕ್ಕ, ಆ ವಾಸನೆ ನಿನಗೂ ಗೊತ್ತು. ಅಪ್ಪ ಸಂಜೆ ಮನೆಗೆ ಬಂದು ಅಂಗಿ ಬಿಚ್ಚಿ ಹಾಕಿದಾಗ ಇಡೀ ಪಡಸಾಲೆಗೆ ಹರಡುತ್ತಿದ್ದ ವಾಸನೆ ಅದು.

ಗಣಿಯಲ್ಲಿ ಚಪ್ಪಡಿ ಒಡೆದರೆ ಯಾರೂ ಎಸೆಯುವುದಿಲ್ಲ. ಅದೇ ಕಲ್ಲನ್ನು ಪುಡಿ ಮಾಡಿ, ಅಂಟಿನಲ್ಲಿ ಕಲಸಿ, ಬಿರುಕಿಗೆ ತುಂಬಿ ಉಜ್ಜಿಬಿಡುತ್ತಾರೆ. ಅಪ್ಪನ ಕೈಯಲ್ಲಿ ಆದ ರಿಪೇರಿಯನ್ನು ಮೇಸ್ತ್ರಿಯೇ ಗುರುತು ಹಿಡಿಯುತ್ತಿರಲಿಲ್ಲ. ನಮ್ಮ ಸಂಸ್ಥೆಯಲ್ಲಿ ಫೋಟೋ ತೆಗೆಯುವ ಅಣ್ಣನ ನೀಲಿ ದೀಪ ತಂದು, ಪರದೆ ಎಳೆದು ಹಿಡಿದೆ. ಅಂಟಿದ್ದರೆ ಆ ಬೆಳಕಿಗೆ ಹೊಳೆಯುತ್ತದೆ. ಕಲ್ಲೆಲ್ಲ ಕಪ್ಪಗಿತ್ತು. ರೆಂಬೆಗೂ ತೊಟ್ಟಿಗೂ ನಡುವೆ ಒಂದು ಗೆರೆ ಮಾತ್ರ ಬೆಳ್ಳಗೆ ಹೊಳೆಯಿತು.

ಆ ಸಂಜೆ ಆಸ್ಪತ್ರೆಯಲ್ಲಿ, ಬೇರೇನೂ ಹೇಳದೆ, ಆ ಕಲ್ಲಿಗೆ ಅಂಟು ಹಾಕಿದ್ರಾ ಅಪ್ಪ ಎಂದು ಕೇಳಿದೆ.

"ಹ್ಞೂಂ, ಒಡೆದಿತ್ತಲ್ಲ."

"ಎರಡೂ ಚೂರು ಒಂದೇ ಚಪ್ಪಡೀದಾ?"

"ಒಂದೇ ಗುಡ್ಡೇಲಿದ್ವು. ಬಣ್ಣ ಒಂದೇ, ದಪ್ಪ ಒಂದೇ. ಇನ್ನೇನು ಬೇಕು?" ಸ್ವಲ್ಪ ಉಸಿರು ಎಳೆದುಕೊಂಡು, "ಅಷ್ಟು ದೂರದಿಂದ ಬರೋ ಹೆಂಗಸು. ಮುರಿದ ಕಲ್ಲು ಕೈಗೆ ಕೊಟ್ಟರೆ ನನ್ನ ಕೆಲಸದ ಬಗ್ಗೆ ಏನಂದುಕೋತಾರೆ?" ಎಂದರು.

ಇದನ್ನು ಯಾರಾದರೂ ಮೋಸ ಎಂದರೆ ನಾನು ಅವರ ಜೊತೆ ಮಾತು ಬಿಡುತ್ತೇನೆ. ಆದರೆ ಅದು ಒಂದು ಗಿಡ ಅಲ್ಲ ಎನ್ನುವುದೂ ಅಷ್ಟೇ ನಿಜ.

ಮರುದಿನ ಬೆಳಿಗ್ಗೆ ಮೇಡಂ ಬರುವ ಮೊದಲೇ ಹೋಗಿ ಕುಳಿತಿದ್ದೆ. ಸೂಜಿಯ ಹಳ್ಳವನ್ನು ಒಂದು ಚಿಟಿಕೆ ಪುಡಿಯಲ್ಲಿ ಮುಚ್ಚಬಹುದಿತ್ತು. ಹೇಗೆಂದು ನನಗೆ ಬರುತ್ತದೆ, ಅಪ್ಪನೇ ಕಲಿಸಿದ್ದರು. ಫೋಟೋವನ್ನು ಬೇರೆ ಮಗ್ಗುಲಿಂದ ತೆಗೆಸಬಹುದಿತ್ತು. ಒಂದು ಗಂಟೆ ಇದನ್ನೇ ಯೋಚಿಸಿದೆ, ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಮೇಡಂ ಬಂದು ಚೀಲ ಇಡುತ್ತಿದ್ದಂತೆ ದೀಪ ಹಚ್ಚಿ ತೋರಿಸಿದೆ.

ಅವರು ಬಗ್ಗಿ ಗೆರೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ನಂತರ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾ, "ಆರು ವರ್ಷ, ಮರಿ. ಮುಟ್ಟಬೇಡಿ ಮುಟ್ಟಬೇಡಿ ಅಂತ ಎಲ್ಲರನ್ನೂ ದೂರ ಇಟ್ಟೆ. ನಾನೇ ಒಂದು ಸಲ ಮುಟ್ಟಿ ನೋಡಬೇಕಿತ್ತು" ಎಂದರು. ಮಧ್ಯಾಹ್ನದೊಳಗೆ ಲೇಖನ ವಾಪಸು ಪಡೆಯುವುದಾಗಿ ಪತ್ರಿಕೆಗೆ ಬರೆದರು. ಏಳು ತಿಂಗಳಲ್ಲಿ ಅವರಿಗೆ ನಿವೃತ್ತಿ, ಇದಕ್ಕಿಂತ ದೊಡ್ಡದು ಅವರಿಗೆ ಇನ್ನು ಸಿಗುವುದಿಲ್ಲ.

ಕಾಯಿಸಿದ ಸೂಜಿಯಿಂದ ಅಂಟನ್ನು ಬಿಡಿಸಿದವಳೂ ನಾನೇ. ಎಲೆಯ ಚೂರು ಮೊದಲೇ ಹೆಸರಿಟ್ಟಿದ್ದ ಗಿಡದ್ದೇ ಎಂದಾಯಿತು, ಅಂಥವು ನಮ್ಮಲ್ಲಿ ಒಂದು ಡ್ರಾಯರ್ ತುಂಬ ಇವೆ. ಬೀಜ ಮಾತ್ರ ಹೊಸದಿರಬಹುದು ಎಂದರು ಮೇಡಂ. ಆದರೆ ಒಂದೇ ಒಂದು, ಅದೂ ಯಾವ ಪದರದ್ದೋ ಗೊತ್ತಿಲ್ಲ. ಅಷ್ಟಕ್ಕೆ ಹೆಸರಿಡಲು ಬರುವುದಿಲ್ಲವಂತೆ. ಇನ್ನೊಂದು ಸಿಕ್ಕೀತೆಂದು ನಾನು ಸುತ್ತಿಗೆ ಹಿಡಿದು ಗಣಿಗೆ ಹೋದೆ. ಪಂಪು ನಿಲ್ಲಿಸಿ ವರ್ಷವಾಗಿದೆ, ಗುಂಡಿ ತುಂಬ ಹಸಿರು ನೀರು. ಮೇಸ್ತ್ರಿ ಬೀಡಿ ಹಚ್ಚಿಕೊಂಡು, "ಆ ಪದರ ಹುಡುಕ್ತಿದೀಯಾ? ಎಲ್ಲ ಸೀಳಿ ಮಾರಿಯಾಯ್ತಲ್ಲವ್ವ. ಊರವರ ಅಂಗಳದಲ್ಲಿ ಹೋಗಿ ಹುಡುಕು" ಎಂದರು. ಅವರು ತಮಾಷೆಗೆ ಹೇಳಿದ್ದು. ನಾನೀಗ ರಸ್ತೆಯಲ್ಲಿ ತಲೆ ತಗ್ಗಿಸಿಕೊಂಡೇ ನಡೆಯುತ್ತೇನೆ. ಎದುರುಮನೆಯ ಅತ್ತೆ ಅಮ್ಮನಿಗೆ, "ಕಿರಿಯವಳಿಗೆ ಈಗ ನಯ ನಾಚಿಕೆ ಬಂದಿದೆ ನೋಡು" ಎಂದರಂತೆ.

ಲೇಖನ ವಾಪಸಾದ ವಿಷಯ ಅಮ್ಮನಿಗೆ ಹೇಳಿದೆ. ಅವಳು ಬಟ್ಟೆ ಮಡಚುತ್ತಿದ್ದಳು, ಮಡಚುತ್ತಲೇ ಇದ್ದಳು. "ಹೇಳಲೇಬೇಕಿತ್ತಾ? ಒಂದು ತಿಂಗಳು ಬಿಟ್ಟು ಹೇಳಿದ್ದರೆ ಆ ಎಲೆ ಬಾಡಿಹೋಗ್ತಿತ್ತಾ?" ಎಂದಳು. ಆಮೇಲೆ ಅವಳೇ ಪ್ರೂಫ್ ಹಾಳೆಯನ್ನು ಕೇಳಿ ತರಿಸಿಕೊಂಡಳು. "ಇದರಲ್ಲಿ ಅವರ ಹೆಸರು ಅಚ್ಚಾಗಿದೆ ತಾನೇ? ತೋರಿಸು. ಬಂತು ಅಂತಲೂ ಹೇಳಬೇಡ, ಇಲ್ಲ ಅಂತಲೂ ಹೇಳಬೇಡ. ಸುಮ್ಮನೆ ತೋರಿಸು. ನಿನ್ನ ಸತ್ಯಕ್ಕೇನೂ ಧಕ್ಕೆ ಆಗಲ್ಲ." ಮೇಡಂ ಕೂಡ ಹಾಗೇ ಮಾಡು ಎಂದರು. ಹಾಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ನಾನೊಬ್ಬಳೇ ಆಸ್ಪತ್ರೆಗೆ ಹೋದೆ. ಅದು ಮಂಗಳವಾರ. ಶುಕ್ರವಾರ ಬೆಳಿಗ್ಗೆ ಅಪ್ಪ ಹೋದರು.

ಅಮ್ಮ ಆ ಹಾಳೆಗೆ ಚೌಕಟ್ಟು ಹಾಕಿಸಿ ಅಪ್ಪನ ಫೋಟೋದ ಕೆಳಗೆ ತೂಗುಹಾಕಿದ್ದಾಳೆ. ಬಂದವರಿಗೆಲ್ಲ ತೋರಿಸಿ, ಹೆಸರು ನೋಡಿಕೊಂಡೇ ಹೋದರು ಎನ್ನುತ್ತಾಳೆ. ನಿನಗೂ ಫೋನಿನಲ್ಲಿ ಹಾಗೆಯೇ ಹೇಳಿದ್ದಾಳೆ. ಅವಳ ಊಟ ಪರವಾಗಿಲ್ಲ, ನಿದ್ದೆ ಕಡಿಮೆ. ಸಾಧ್ಯವಾದಾಗ ಪಾಪುವಿನ ಅಳು ಫೋನಿನಲ್ಲಿ ಕೇಳಿಸು, ಅವಳಿಗೆ ಅದು ಹಾಡಿಗಿಂತ ಹಿತ.

ನೀನು ಭಾರ ಎತ್ತಬೇಡ, ಹೊತ್ತಿಗೆ ಸರಿಯಾಗಿ ಊಟ ಮಾಡು. ಭಾವನಿಗೆ ನನ್ನ ನಮಸ್ಕಾರ. ಪಾಪುವಿಗೆ ಈ ಚಿಕ್ಕಮ್ಮನ ಆಶೀರ್ವಾದ: ಎಲುಬು ಗಟ್ಟಿಯಾಗಲಿ, ನಿದ್ದೆ ಚೆನ್ನಾಗಿ ಬರಲಿ, ಓದು ಹತ್ತಿದರೆ ಹತ್ತಲಿ, ಹತ್ತದಿದ್ದರೂ ಯಾರೂ ಹೊಡೆಯದಿರಲಿ.

ನಿನ್ನ ತಂಗಿ,
ಮಿಡತೆ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿ ಇದನ್ನು ಸೇರಿಸುತ್ತಿದ್ದೇನೆ. ಅಪ್ಪ ಹಾಳೆ ನೋಡಲಿಲ್ಲ, ಅಕ್ಕ. ನಾನು ಅದನ್ನು ಚೀಲದಿಂದ ಹೊರಗೆ ತೆಗೆಯಲೇ ಇಲ್ಲ. "ಬಂತಾ?" ಎಂದು ಕೇಳಿದರು. ಆ ಮುಖ ನೋಡಿ ನನಗೆ ಸುತ್ತಿ ಬಳಸಿ ಹೇಳಲು ಆಗಲಿಲ್ಲ. "ಇಲ್ಲಪ್ಪ, ಇನ್ನು ಬರಲ್ಲ" ಎಂದುಬಿಟ್ಟೆ. "ಅಂಟು ಹಾಕಿದ್ದಕ್ಕಾ?" ಎಂದರು. ಹೌದು ಎಂದೆ. ಅಪ್ಪ ತಮ್ಮ ಎರಡೂ ಕೈಗಳನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು. ಆಮೇಲೆ ಅವನ್ನು ಹೊದಿಕೆಯೊಳಗೆ ಇಟ್ಟುಕೊಂಡರು. ಮೂರು ದಿನ ಹೊರಗೆ ತೆಗೆಯಲಿಲ್ಲ. ಅಮ್ಮ ಚಳಿಯಿರಬೇಕು ಎಂದು ಇನ್ನೊಂದು ಹೊದಿಕೆ ತಂದು ಹಾಕಿದಳು. ನಾನು ಪಕ್ಕದಲ್ಲೇ ನಿಂತಿದ್ದೆ, ಚಳಿಯಲ್ಲ ಎಂದು ಅವಳಿಗೆ ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ.