ಅರವತ್ತನೇ ಮಹಡಿಯಲ್ಲಿ ಕಿವಿ ಕಟ್ಟಿದಾಗ

ಅಪ್ಪಾ,

ಇವತ್ತು ಟೊರೊಂಟೊದ ಒಂದು ದೊಡ್ಡ ಬ್ಯಾಂಕಿನ ಅರವತ್ತನೇ ಮಹಡಿಗೆ ಹೋಗಿದ್ದೆ. ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್ ಕೆಲಸ ಬೇಕೆನ್ನುವ ನಮ್ಮಂಥ ವಿದ್ಯಾರ್ಥಿಗಳು ಅಲ್ಲಿನವರ ಜೊತೆ ಕಾಫಿ ಕುಡಿದು ಪರಿಚಯ ಮಾಡಿಕೊಳ್ಳಬೇಕು. ಲಿಫ್ಟಿನ ರಭಸಕ್ಕೆ ಕಿವಿ ಕಟ್ಟಿತು. ಗಣಿಗೆ ಇಳಿಯುವಾಗ ನೀನು ಮಾಡುತ್ತಿದ್ದ ಹಾಗೆ ಜೋರಾಗಿ ಉಗುಳು ನುಂಗಿದೆ. ಬಾಗಿಲು ತೆರೆದರೆ ಗಾಜಿನಾಚೆ ಇಡೀ ಸರೋವರ!

“ಹಾಗೆ ಉಗುಳು ನುಂಗೋದನ್ನ ಯಾರು ಹೇಳ್ಕೊಟ್ರಮ್ಮಾ?” ಎಂದು ನಕ್ಕರು, ನನ್ನನ್ನು ಮೇಲೆ ಕರೆದೊಯ್ದ ಆ ಬ್ಯಾಂಕಿನ ಡೆಲ್ಫಿನ್ ಮೇಡಂ.

“ನಮ್ಮಪ್ಪ. ಸಡ್ಬರಿಲಿ ನಿಕಲ್ ಗಣಿಗೆ ಇಳೀತಿದ್ರು. ಈಗಿಲ್ಲ.”

“ಅಯ್ಯೋ... ಗಣಿ ಕಂಪನಿಗಳನ್ನ ಮಾರಿಸೋದೇ ನನ್ನ ಕೆಲಸ, ಒಂದಿನಾನೂ ಒಳಗೆ ಇಳಿದಿಲ್ಲ ನೋಡು. ಕೆಳಗೆ ಹೇಗಿರುತ್ತಂತೆ?”

ಗಣಿಗೆ ಬೆಲೆ ಕಟ್ಟುವುದು ಹೇಗೆಂದು ಕೇಳಿದ್ದರೆ ಗಡಗಡನೆ ಒಪ್ಪಿಸುತ್ತಿದ್ದೆ. ವರ್ಷವಿಡೀ ಉರುಹೊಡೆದದ್ದು ಅದನ್ನೇ. ಇದನ್ನು ಮಾತ್ರ ನಿನ್ನನ್ನು ಒಮ್ಮೆಯೂ ಕೇಳಿರಲಿಲ್ಲ.

ಕೆಳಗೆ ಹೇಗಿರುತ್ತಿತ್ತು, ಅಪ್ಪಾ?